ಕೋಲಾರದ ಗಣಿಯಾಳವೂ ವಿದುಷಿ ಬಿಭಾ ಚೌಧುರಿಯೂ

ಕೋಲಾರ ಸೀಮೆಯ ಹೆಸರನ್ನು ಕೇಳಿದೊಡನೆ ನಾಡಿನವರ ಮನಸ್ಸಿಗೆ ಬರುವುದು ಚಿನ್ನ. ಸಾಹಿತ್ಯಾಸಕ್ತರಿಗಾದರೆ ಮಾಲೂರು ಕಡೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಮುಳಬಾಗಿಲಿನ ಡಿ. ವಿ. ಗುಂಡಪ್ಪನವರೂ ನೆನಪಾಗುತ್ತಾರೆ. ಯಾತ್ರಿಕರಿಗೆ ಕೋಲಾರಮ್ಮನ ಗುಡಿ, ಸೋಮೇಶ್ವರನ ದೇವಾಲಯ, ಆವಣಿ ಮತ್ತು ಕುರುಡುಮಲೆಗಳು. ಶ್ರೀನಿವಾಸಪುರವೆಂದರೆ ಮಾವಿನ ತೋಪು. ಇವುಗಳಷ್ಟು ಪ್ರಚುರವಾಗದ ಇನ್ನೊಂದು ಕೀರ್ತಿಯೂ ಈ ಜಿಲ್ಲೆಗೆ ಉಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ನಲವತ್ತು ವರ್ಷಗಳ ಕಾಲ ಜಗತ್ತಿನ ಭೌತವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯತ್ತ ಕಣ್ಣಿಟ್ಟು ನೋಡುತ್ತಿದ್ದರು. ಅವರಿಗೆ ಬೇಕಾದುದು ಚಿನ್ನವಲ್ಲ, ಗಣಿಯ ಆಳ.

ಆ ಆಳದ ಉಪಯೋಗವೇನೆಂಬುದನ್ನು ಸ್ವಲ್ಪದರಲ್ಲಿ ತಿಳಿಯಬೇಕು. ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಕ್ಕೆ ಬಡಿದಾಗ ಅಸಂಖ್ಯ ಸೂಕ್ಷ್ಮ ಕಣಗಳು ಹುಟ್ಟಿ ಮಳೆಯಂತೆ ಕೆಳಗಿಳಿಯುತ್ತವೆ. ಅವುಗಳಲ್ಲಿ ಮ್ಯೂಯಾನ್ ಎಂಬುವು ನೆಲವನ್ನೂ ಭೇದಿಸಿ ಬಹು ಆಳಕ್ಕೆ ಇಳಿಯಬಲ್ಲವು. ಆಳಕ್ಕೆ ಹೋದಂತೆ ಬಂಡೆಯು ಜರಡಿಯಂತೆ ಅವನ್ನು ತಡೆದು, ಅತ್ಯಂತ ಶಕ್ತಿಯುಳ್ಳವನ್ನು ಮಾತ್ರ ಬಿಡುತ್ತದೆ. ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ತರುಣ ವಿಜ್ಞಾನಿ, ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ ಅವರು ಗಣಿಯೊಳಗೆ ಉಪಕರಣಗಳನ್ನಿಳಿಸಿ ಈ ಕಣಗಳನ್ನು ಎಣಿಸತೊಡಗಿದರು. 1960ರ ದಶಕದ ಆರಂಭದಲ್ಲಿ ನಡೆದ ಮುಂದಿನ ಪ್ರಯೋಗಗಳಲ್ಲಿ, ಸುಮಾರು 2,700 ಮೀಟರ್ ಆಳದ ನೆಲೆಯಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಸಿಗಲಿಲ್ಲ. ಏನೂ ಸಿಗದಿದ್ದುದೇ ದೊಡ್ಡ ಲಾಭವಾಯಿತು. ಅಷ್ಟು ನಿಶ್ಶಬ್ದವಾದ ಸ್ಥಳದಲ್ಲಿ, ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೋಗಳ ಸುಳಿವನ್ನು ಹಿಡಿಯಬಹುದೆಂಬ ಆಸೆ ಹುಟ್ಟಿತು. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಮೊದಲ ಕುರುಹನ್ನು ಕಂಡರು. ವಿಜ್ಞಾನದ ಇತಿಹಾಸದಲ್ಲಿ ಕೋಲಾರದ ಹೆಸರು ಸ್ಥಿರವಾದುದು ಹೀಗೆ.

ಇದೇ ಗಣಿಯ ಪ್ರಯೋಗಗಳಲ್ಲಿ ತೊಡಗಿದ್ದ ಒಬ್ಬ ವಿದುಷಿಯ ಹೆಸರು ಮಾತ್ರ ಬಹುಕಾಲ ಯಾರ ಬಾಯಲ್ಲೂ ಬರಲಿಲ್ಲ. ಅವರು ಬಿಭಾ ಚೌಧುರಿ. ವಿಶ್ವಕಿರಣಗಳ ಅಧ್ಯಯನಕ್ಕೆ ಅರ್ಧ ಶತಮಾನವನ್ನು ಮುಡಿಪಾಗಿಟ್ಟ ಈ ಮಹಿಳೆಯ ಜೀವನವನ್ನು ಪರಿಶೀಲಿಸಿದರೆ, ವಿದ್ಯಾಸಂಸ್ಥೆಗಳಲ್ಲಿ ಹೆಣ್ಣಿಗೂ ಗಂಡಿಗೂ ನಡುವಣ ತಾರತಮ್ಯವು ಯಾವ ರೀತಿಯಲ್ಲಿ ಕೆಲಸಮಾಡುತ್ತದೆಂಬುದು ಅಂಕಿಅಂಶಗಳಿಗಿಂತ ಸ್ಪಷ್ಟವಾಗಿ ತಿಳಿದುಬರುತ್ತದೆ.

ಬಿಭಾ ಅವರು ಜನಿಸಿದುದು 1913ರಲ್ಲಿ, ಕಲ್ಕತ್ತೆಯಲ್ಲಿ. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಬ್ರಾಹ್ಮಸಮಾಜವು ಕೊಟ್ಟ ಪ್ರೋತ್ಸಾಹದ ವಾತಾವರಣ ಅವರಿಗೆ ಮನೆಯಲ್ಲಿಯೇ ದೊರೆಯಿತು. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಪದವಿ ಪಡೆದಾಗ ಆ ತರಗತಿಯಲ್ಲಿದ್ದ ಏಕೈಕ ಮಹಿಳೆ ಅವರು. ಸಂಶೋಧನೆಗೆಂದು ದೇವೇಂದ್ರಮೋಹನ ಬೋಸರ ಬಳಿ ಹೋದಾಗ, ಹೆಣ್ಣಿಗೆ ಒಪ್ಪಿಸಬಹುದಾದ ವಿಷಯ ತಮ್ಮಲ್ಲಿಲ್ಲವೆಂದು ಬೋಸರು ಮೊದಲು ಹಿಂಜರಿದರೆಂದು ಆಕೆಯ ಚರಿತ್ರಕಾರರು ಬರೆದಿದ್ದಾರೆ. ಬಿಭಾ ಅವರು ಬಿಡಲಿಲ್ಲ. ಬೋಸರೂ ಕಡೆಗೆ ಒಪ್ಪಿದರು.

ಹೀಗೆ ಒಪ್ಪಿಗೆ ದೊರೆತ ಮೇಲೆ ಆ ಗುರುಶಿಷ್ಯರು ಮಾಡಿದ ಕೆಲಸ ಸಾಮಾನ್ಯವಾದುದಲ್ಲ. ದೊಡ್ಡ ಯಂತ್ರಗಳಿಗೆ ಹಣವಿಲ್ಲದ ಆ ಕಾಲದಲ್ಲಿ ಅವರು ಛಾಯಾಫಲಕಗಳನ್ನೇ ಉಪಕರಣವಾಗಿಸಿಕೊಂಡರು. ಡಾರ್ಜಿಲಿಂಗ್, ಸಂದಕ್‌ಫು, ಟಿಬೆಟ್ಟಿನ ಫಾರಿ ಜೋಂಗ್ ಮುಂತಾದ ಎತ್ತರದ ಸ್ಥಳಗಳಲ್ಲಿ ಫಲಕಗಳನ್ನು ತಿಂಗಳುಗಟ್ಟಲೆ ಇಟ್ಟು, ಅವುಗಳ ಮೇಲೆ ವಿಶ್ವಕಿರಣದ ಕಣಗಳು ಮೂಡಿಸಿದ ಸೂಕ್ಷ್ಮರೇಖೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಅಳೆದರು. ಎಲೆಕ್ಟ್ರಾನಿನ ಇನ್ನೂರರಷ್ಟು ತೂಕದ ಒಂದು ಕಣದ ಕುರುಹು ಅವರಿಗೆ ಸಿಕ್ಕಿತು. 1940ರ ದಶಕದ ಆರಂಭದಲ್ಲಿ ಆ ಫಲಿತಾಂಶಗಳು ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದುವು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ರೇಖೆಗಳನ್ನು ಇನ್ನೂ ನಿಖರವಾಗಿ ಹಿಡಿಯಲು ಬೇಕಾಗಿದ್ದ ಉತ್ತಮ ದರ್ಜೆಯ ಫಲಕಗಳು ಭಾರತಕ್ಕೆ ಬರಲಿಲ್ಲ. ಯುದ್ಧಾನಂತರ, 1947ರಲ್ಲಿ, ಬ್ರಿಸ್ಟಲ್ಲಿನ ಸೆಸಿಲ್ ಪವೆಲ್ ಮತ್ತು ಅವರ ಸಂಗಡಿಗರು ಸುಧಾರಿಸಿದ ಫಲಕಗಳನ್ನು ಬಳಸಿ ಪಯಾನ್ ಮತ್ತು ಮ್ಯೂಯಾನ್ ಎಂಬ ಎರಡು ಬೇರೆ ಬೇರೆ ಕಣಗಳಿರುವುದನ್ನು ತೋರಿಸಿಕೊಟ್ಟರು. 1950ರಲ್ಲಿ ಪವೆಲ್ಲರಿಗೆ ನೊಬೆಲ್ ಪಾರಿತೋಷಕ ಬಂದಿತು. ಬೋಸ್ ಮತ್ತು ಚೌಧುರಿಯವರ ಮೊದಲ ಪ್ರಯತ್ನವನ್ನು ಪವೆಲ್ಲರು ತಮ್ಮ ಗ್ರಂಥದಲ್ಲಿ ನೆನೆದಿದ್ದಾರೆಂಬುದು ಅವರ ಸೌಜನ್ಯಕ್ಕೆ ಸಾಕ್ಷಿ.

ಇಲ್ಲಿ ಇನ್ನೊಬ್ಬ ಮಹಿಳೆಯನ್ನೂ ಸ್ಮರಿಸುವುದು ನ್ಯಾಯ. ಕಣಗಳ ಹಾದಿಯನ್ನು ಛಾಯಾಫಲಕದ ಲೇಪದಲ್ಲಿ ಹಿಡಿಯುವ ಈ ವಿಧಾನವನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ವಿಯೆನ್ನಾದ ಮರಿಯೆಟ್ಟಾ ಬ್ಲಾವ್. ಯಹೂದ್ಯರಾದ ಆಕೆ 1938ರಲ್ಲಿ ದೇಶವನ್ನೇ ಬಿಟ್ಟುಹೋಗಬೇಕಾಯಿತು. ಆಕೆಗೂ ಆ ಪಾರಿತೋಷಕ ಬರಲಿಲ್ಲ. ಒಂದೇ ವಿಧಾನ, ಎರಡು ಖಂಡಗಳು, ಇಬ್ಬರು ವಿದುಷಿಯರು, ಕೀರ್ತಿ ಬೇರೆಡೆಗೆ. ಯುದ್ಧವೇ ಇದಕ್ಕೆ ಕಾರಣ, ಹೆಣ್ಣುತನವಲ್ಲ ಎಂದು ಯಾರಾದರೂ ವಾದಿಸಿದರೆ ಆ ವಾದದಲ್ಲಿಯೂ ಸತ್ಯಾಂಶ ಉಂಟು. ಫಲಕಗಳ ಅಭಾವ ಬೋಸರಿಗೂ ಅಷ್ಟೇ ಬಾಧಿಸಿತು. ಆದುದರಿಂದ ಬಿಭಾ ಅವರ ವಿಷಯದಲ್ಲಿ ಕೈತಪ್ಪಿದ ನೊಬೆಲ್ಲನ್ನು ಮುಂದುಮಾಡಿ ಮಾತನಾಡುವುದು ಅಷ್ಟು ಉಚಿತವಲ್ಲ. ಆಕೆಗಾದ ಅನ್ಯಾಯದ ಸ್ವರೂಪ ಬೇರೆ. ಅದು ಕಾಣುವುದು ಮುಂದಿನ ವರ್ಷಗಳಲ್ಲಿ.

1945ರಲ್ಲಿ ಬಿಭಾ ಅವರು ಮ್ಯಾಂಚೆಸ್ಟರಿಗೆ ಹೋಗಿ ಪ್ಯಾಟ್ರಿಕ್ ಬ್ಲ್ಯಾಕೆಟ್ಟರ ಪ್ರಯೋಗಶಾಲೆಯಲ್ಲಿ ವಿಶ್ವಕಿರಣಗಳ ವಿಸ್ತೃತ ವರ್ಷಣವನ್ನು ಕುರಿತು ಪಿಎಚ್.ಡಿ. ಅಧ್ಯಯನ ಕೈಗೊಂಡರು. ಬ್ಲ್ಯಾಕೆಟ್ಟರಿಗೆ 1948ರಲ್ಲಿ ನೊಬೆಲ್ ಬಂದಿತು. ಅಲ್ಲಿಯ ಪತ್ರಿಕೆಯೊಂದು ಭಾರತದ ಈ ಹೊಸ ವಿಜ್ಞಾನಿಯನ್ನು ಸಂದರ್ಶಿಸಿ ಪ್ರಕಟಿಸಿದಾಗ, ಭೌತವಿಜ್ಞಾನದಲ್ಲಿ ಹೆಂಗಸರು ಇಷ್ಟು ವಿರಳವಾಗಿರುವುದು ಶೋಚನೀಯವೆಂಬ ಅಭಿಪ್ರಾಯವನ್ನು ಆಕೆ ನಿಸ್ಸಂಕೋಚವಾಗಿ ಹೇಳಿದ್ದರು. 1949ರಲ್ಲಿ ಭಾಭಾ ಅವರು ಬಿಭಾ ಅವರನ್ನು ಮುಂಬಯಿಯ ಟಾಟಾ ಸಂಸ್ಥೆಗೆ ಆರಿಸಿಕೊಂಡರು. ಆ ಸಂಸ್ಥೆಯ ಮೊದಲ ಮಹಿಳಾ ವಿಜ್ಞಾನಿ ಅವರೇ. 1957ರವರೆಗೆ ಅಲ್ಲಿದ್ದು, ನಡುವೆ ಪ್ಯಾರಿಸ್ಸಿನಲ್ಲಿಯೂ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿಯೂ ಕೆಲಕಾಲ ಕೆಲಸಮಾಡಿದರು. ತರುವಾಯ ವಿಕ್ರಮ್ ಸಾರಾಭಾಯಿ ಅವರ ನೇತೃತ್ವದ ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯವನ್ನು ಸೇರಿದರು. ಕೋಲಾರದ ಗಣಿಯ ಪ್ರಯೋಗಗಳ ಸಂಬಂಧ ಬರುವುದು ಇಲ್ಲಿಯೇ. ನೆಲದ ಮೇಲೆ ಬೀಳುವ ಕಣವರ್ಷಣಕ್ಕೂ ನೆಲದಾಳಕ್ಕೆ ಇಳಿಯುವ ಮ್ಯೂಯಾನುಗಳಿಗೂ ಇರುವ ಸಂಬಂಧವನ್ನು ಅರಿಯುವುದು ಆ ಅಧ್ಯಯನದ ಉದ್ದೇಶ. ಮ್ಯಾಂಚೆಸ್ಟರಿನ ಪ್ರಬಂಧದಲ್ಲಿ ಎತ್ತಿಕೊಂಡ ಪ್ರಶ್ನೆಯನ್ನೇ ಬಿಭಾ ಅವರು ಕೋಲಾರದ ಬಂಡೆಯ ಸಹಾಯದಿಂದ ಮುಂದುವರಿಸಿದರೆನ್ನಬಹುದು.

ಈಗ ಆ ಜೀವನದ ಘಟ್ಟಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಬೋಸ್, ಬ್ಲ್ಯಾಕೆಟ್, ಭಾಭಾ, ಸಾರಾಭಾಯಿ: ನಾಲ್ಕು ಬಾಗಿಲುಗಳು, ನಾಲ್ಕನ್ನೂ ತೆರೆದವರು ಉದಾರಿಗಳಾದ ನಾಲ್ವರು ಮಹನೀಯರು. ಇವರ ಔದಾರ್ಯವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಔದಾರ್ಯವು ವ್ಯಕ್ತಿಯ ಗುಣ. ವ್ಯಕ್ತಿಯೊಡನೆಯೇ ಅದು ಹೋಗುತ್ತದೆ. 1971ರ ಡಿಸೆಂಬರ್ 30ರಂದು ಸಾರಾಭಾಯಿ ಅವರು ಹಠಾತ್ತನೆ ತೀರಿಕೊಂಡರು. ಆಬೂ ಪರ್ವತದ ಮೇಲೆ ವಿಶ್ವಕಿರಣವರ್ಷಣದೊಡನೆ ಹೊರಡುವ ರೇಡಿಯೋ ತರಂಗಗಳನ್ನು ಅಳೆಯಬೇಕೆಂದು ಬಿಭಾ ಅವರು ಯೋಜನೆಯೊಂದನ್ನು ಸಿದ್ಧಪಡಿಸಿಕೊಂಡಿದ್ದರು. ಸಾರಾಭಾಯಿ ಅವರೊಡನೆ ಅದನ್ನು ಕುರಿತು ಸಮಾಲೋಚನೆಯೂ ನಡೆದಿತ್ತು. ಅವರ ಮರಣಾನಂತರ ಅದಕ್ಕೆ ಅನುಮತಿ ದೊರೆಯಲಿಲ್ಲವೆಂದು ಚರಿತ್ರಕಾರರು ತಿಳಿಸುತ್ತಾರೆ. ಬಿಭಾ ಅವರು ಸ್ವಯಂನಿವೃತ್ತಿ ಪಡೆದು ಕಲ್ಕತ್ತೆಗೆ ಮರಳಿದರು. ಅಲ್ಲಿ ಸಾಹಾ ಸಂಸ್ಥೆ ಮೊದಲಾದೆಡೆ ಇತರ ವಿಜ್ಞಾನಿಗಳೊಡನೆ ಕೂಡಿ ಸಂಶೋಧನೆಯನ್ನು ಮುಂದುವರಿಸಿದರು. 1990ರಲ್ಲಿಯೂ ಅವರ ಲೇಖನ ಅಚ್ಚಾಯಿತು. 1991ರ ಜೂನ್ 2ರಂದು ಅವರು ನಿಧನ ಹೊಂದಿದರು. ದೇಶದ ಯಾವ ಪ್ರಮುಖ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿರಲಿಲ್ಲ.

ಶ್ರೀಕಂಠನ್ ಅವರು ಟಾಟಾ ಸಂಸ್ಥೆಯನ್ನು ಸೇರಿದುದು 1948ರಲ್ಲಿ, ಬಿಭಾ ಅವರಿಗಿಂತ ಒಂದೇ ವರ್ಷ ಮೊದಲು. ಅವರು ಕ್ರಮಕ್ರಮವಾಗಿ ಮೇಲೇರಿ 1975ರಲ್ಲಿ ಆ ಸಂಸ್ಥೆಯ ನಿರ್ದೇಶಕರಾದರು. ಮುಂದೆ ಪದ್ಮಭೂಷಣ ಪ್ರಶಸ್ತಿಯೂ ಬಂದಿತು. ಅವರ ಯೋಗ್ಯತೆಯ ಬಗೆಗೆ ಎರಡು ಮಾತಿಲ್ಲ. ಕನ್ನಡನಾಡು ಹೆಮ್ಮೆಪಡಬೇಕಾದ ವಿಜ್ಞಾನಿ ಅವರು. ಇಲ್ಲಿ ಗಮನಿಸತಕ್ಕುದು ಯೋಗ್ಯತೆಯನ್ನಲ್ಲ, ದಾರಿಯನ್ನು. ಒಬ್ಬರಿಗೆ ಮೆಟ್ಟಿಲುಗಳಿದ್ದುವು, ಒಂದರ ಮೇಲೆ ಒಂದು ಏರಿದರು. ಇನ್ನೊಬ್ಬರು ಊರಿಂದೂರಿಗೆ, ಸಂಸ್ಥೆಯಿಂದ ಸಂಸ್ಥೆಗೆ ಸಾಗುತ್ತ ಪ್ರತಿಸಲವೂ ಮೊದಲ ಮೆಟ್ಟಿಲಿನಿಂದ ಹತ್ತಬೇಕಾಯಿತು.

ಅನುಗ್ರಹಕ್ಕೂ ಅಧಿಕಾರಕ್ಕೂ ಇರುವ ಈ ಅಂತರವು ಬಿಭಾ ಅವರೊಬ್ಬರ ಕಥೆಯಲ್ಲ. ಕೋಲಾರಕ್ಕೆ ಸಮೀಪದ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇದರ ನಿದರ್ಶನಗಳು ಇನ್ನೂ ಮೊದಲೇ ದೊರೆಯುತ್ತವೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾ ಭಾಗವತ್ ಅಲ್ಲಿಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಅವರು ನಿರಾಕರಿಸಿದರು. ಕಮಲಾ ನೇರವಾಗಿ ಬಂದು ವಾದಿಸಿದ ಮೇಲೆ ಪ್ರವೇಶವೇನೋ ದೊರೆಯಿತು. ಆದರೆ ಒಂದು ವರ್ಷ ಪರೀಕ್ಷಾರ್ಥವಾಗಿ, ಕ್ರಮಬದ್ಧ ವಿದ್ಯಾರ್ಥಿನಿಯೆಂದಲ್ಲ. ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದೆಂಬ ಷರತ್ತೂ ಇದ್ದಿತು. ಆಕೆಯ ಶ್ರದ್ಧೆಯನ್ನು ಕಂಡ ಮೇಲೆ ರಾಮನ್ ಅವರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಕಮಲಾ ಮುಂದೆ 1939ರಲ್ಲಿ ಕೇಂಬ್ರಿಜ್ಜಿನಿಂದ ಪಿಎಚ್.ಡಿ. ಪಡೆದು, ವಿವಾಹಾನಂತರ ಕಮಲಾ ಸೊಹೊನೀ ಎಂಬ ಹೆಸರಿನಿಂದ ಜೀವರಸಾಯನ ವಿಜ್ಞಾನದಲ್ಲಿ ಖ್ಯಾತರಾದರು. ಯೋಗ್ಯತೆಯನ್ನು ಪದವಿಯೇ ಸಾರುತ್ತಿದ್ದಾಗ ಅದೇ ಯೋಗ್ಯತೆಯನ್ನು ಮತ್ತೊಂದು ವರ್ಷ ಹೆಣ್ಣಿನಿಂದ ಮಾತ್ರ ಕೇಳಿದುದೇ ಆ ಷರತ್ತಿನ ಹುರುಳು.

ಅದೇ ರಾಮನ್ ಅವರ ಬಳಿ 1940ರಿಂದ 1945ರವರೆಗೆ ವಜ್ರ ಮತ್ತು ಮಾಣಿಕ್ಯಗಳ ಪ್ರಕಾಶವನ್ನು ಅಧ್ಯಯನ ಮಾಡಿದವರು ಅಣ್ಣಾ ಮಣಿ. ಐದು ಲೇಖನಗಳನ್ನು ಪ್ರಕಟಿಸಿ, 1945ರಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ನಿಯಮ ಅಡ್ಡಬಂದು ಡಾಕ್ಟರೇಟು ದೊರೆಯಲಿಲ್ಲ. ನಿಯಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ, ನಿಜ. ಆದರೂ ನಿಯಮವು ಯಾರಿಗೆ ಮಣಿಯುತ್ತದೆ, ಯಾರಿಗೆ ಮಣಿಯುವುದಿಲ್ಲ ಎಂಬುದು ಅವಲೋಕನಾರ್ಹ. ಸ್ವತಃ ರಾಮನ್ ಅವರು ಎಂ.ಎ. ಪದವೀಧರರೇ ಹೊರತು ಪ್ರಬಂಧ ಬರೆದು ಡಾಕ್ಟರಾದವರಲ್ಲ. ಮುಳಬಾಗಿಲಿನ ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟದಿದ್ದರೂ ಅವರ ಪಾಂಡಿತ್ಯವನ್ನು ಮನ್ನಿಸಿ ಮೈಸೂರು ವಿಶ್ವವಿದ್ಯಾಲಯವು 1961ರಲ್ಲಿ ಗೌರವ ಡಿ.ಲಿಟ್. ನೀಡಿತು. ಅದು ಯೋಗ್ಯರಿಗೆ ಸಂದ ಯೋಗ್ಯ ಗೌರವ. ಪರೀಕ್ಷೆಯ ಕಟ್ಟನ್ನು ಮೀರಿ ವಿದ್ವತ್ತನ್ನು ಗುರುತಿಸುವ ದೃಷ್ಟಿ ವಿಶ್ವವಿದ್ಯಾಲಯಗಳಲ್ಲಿ ಇಲ್ಲದೆ ಇರಲಿಲ್ಲವೆಂಬುದಕ್ಕೆ ಇವು ಸಾಕ್ಷಿ. ಐದು ವರ್ಷದ ದುಡಿಮೆಯ ಪ್ರಬಂಧವನ್ನು ಕೈಯಲ್ಲಿ ಹಿಡಿದು ನಿಂತ ಅಣ್ಣಾ ಮಣಿಯವರ ಮೇಲೆ ಆ ದೃಷ್ಟಿ ಬೀಳಲಿಲ್ಲ. ಆಕೆ ಮುಂದೆ ಹವಾಮಾನ ಇಲಾಖೆಯಲ್ಲಿ ದೇಶಕ್ಕೆ ಬೇಕಾದ ಮಾಪನೋಪಕರಣಗಳನ್ನು ಇಲ್ಲಿಯೇ ತಯಾರಿಸುವ ಮಹತ್ಕಾರ್ಯ ಮಾಡಿದರು.

ಇದಕ್ಕೆ ಅಪವಾದವೆನ್ನಬಹುದಾದ ಒಂದು ಉದಾಹರಣೆಯೂ ಕನ್ನಡನಾಡಿನಲ್ಲಿಯೇ ಉಂಟು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿಯವರು 1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಮಿಷಿಗನ್ನಿಗೆ ಹೋದರು. 1953ರಲ್ಲಿ ಡಾಕ್ಟರೇಟಿನೊಡನೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಪ್ರಸಿದ್ಧರಾದ ರಾಜೇಶ್ವರಿ ಚಟರ್ಜಿ ಇವರೇ. ಪತಿ ಶಿಶಿರಕುಮಾರ ಚಟರ್ಜಿಯವರೂ ಅದೇ ಸಂಸ್ಥೆಯಲ್ಲಿದ್ದರು. ಇಬ್ಬರೂ ಕೂಡಿ ಸೂಕ್ಷ್ಮತರಂಗ ವಿಜ್ಞಾನದ ಪ್ರಯೋಗಶಾಲೆಯನ್ನು ಕಟ್ಟಿದರು. ರಾಜೇಶ್ವರಿಯವರು 1982ರವರೆಗೆ ಸೇವೆಯಲ್ಲಿದ್ದು ಇಪ್ಪತ್ತು ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಎರಡು ತಲೆಮಾರಿನ ವಿದ್ಯೆ, ಸರ್ಕಾರದ ವೇತನ, ಖಾಯಂ ಹುದ್ದೆ, ಒಂದೇ ಊರಿನಲ್ಲಿ ಪತಿಯ ಉದ್ಯೋಗ: ಇಷ್ಟೂ ಕೂಡಿಬಂದಾಗ ಒಬ್ಬ ಮಹಿಳೆ ತಲುಪಿದ ಎತ್ತರ ಇದು. ಇಷ್ಟೂ ಕೂಡಿಬರುವುದು ಎಷ್ಟು ಮಂದಿಗೆ? ಬಿಭಾ ಚೌಧುರಿ, ಅಣ್ಣಾ ಮಣಿ, ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಈ ಮೂವರೂ ಅವಿವಾಹಿತರಾಗಿಯೇ ಉಳಿದರು. ಸಂಸಾರವೋ ಸಂಶೋಧನೆಯೋ ಎಂಬ ಪ್ರಶ್ನೆಯನ್ನು ಅವರ ಕಾಲದ ಪುರುಷ ವಿಜ್ಞಾನಿಗಳಿಗೆ ಯಾರೂ ಹಾಕಿದಂತಿಲ್ಲ.

ಮತ್ತೆ ಕೋಲಾರಕ್ಕೆ ಬಂದರೆ, ಅಲ್ಲಿ ಹೆಣ್ಣಿಗೆ ಆಧುನಿಕ ವಿದ್ಯಾವೃತ್ತಿಯೊಂದು ಮೊದಲು ತೆರೆದುದು ವೈದ್ಯದ ಮೂಲಕ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೆಥಡಿಸ್ಟ್ ಮಿಷನ್ನಿನವರು ಕೋಲಾರದಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಸ್ಥಾಪಿಸಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಗೆ ಸುತ್ತಿನ ತಾಲ್ಲೂಕುಗಳ ಹೆಂಗಸರು ಬರುತ್ತಿದ್ದರು. ಗಂಡುವೈದ್ಯರಿಗೆ ಮೈ ತೋರಿಸಲು ಹೆಂಗಸರು ಒಲ್ಲದಿದ್ದುದರಿಂದ ಹೆಣ್ಣುವೈದ್ಯರು ಬೇಕೆಂಬುದನ್ನು ಸಂಪ್ರದಾಯಸ್ಥರೂ ಒಪ್ಪಿದರು. ಅಂದರೆ ಹೆಣ್ಣು ವೈದ್ಯೆಯಾದುದು ಸಮಾಜಕ್ಕೆ ಅದು ಬೇಕಾಗಿದ್ದುದರಿಂದ. ವಿಶ್ವಕಿರಣಗಳನ್ನು ಅಳೆಯಲು ಹೆಣ್ಣೇ ಬೇಕೆಂಬ ಅಗತ್ಯ ಯಾರಿಗೂ ಇರಲಿಲ್ಲ.

ಗಣಿಯ ವಿಷಯದಲ್ಲಂತೂ ಶಾಸನವೇ ಅಡ್ಡನಿಂತಿತ್ತು. 1935ರ ಅಂತಾರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯನ್ನು ಅನುಸರಿಸಿ, 1952ರ ಗಣಿ ಅಧಿನಿಯಮದ 46ನೆಯ ಪ್ರಕರಣವು ನೆಲದೊಳಗಿನ ಗಣಿಯ ಯಾವ ಭಾಗದಲ್ಲಿಯೂ ಹೆಂಗಸರನ್ನು ನೌಕರಿಗೆ ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಅದರ ಹಿಂದಿನ ಉದ್ದೇಶ ಕೆಟ್ಟದ್ದಲ್ಲ. ಕಲ್ಲಿದ್ದಲ ಗಣಿಗಳಲ್ಲಿ ಹೆಂಗಸರು ಪಟ್ಟ ಪಾಡನ್ನು ನೋಡಿದವರು ಅವರ ರಕ್ಷಣೆಗೆಂದೇ ಅದನ್ನು ತಂದರು. ಆದರೆ ಕೂಲಿಯ ಹೆಣ್ಣನ್ನು ಕಾಪಾಡಲು ಹಾಕಿದ ಬೇಲಿಯು ವಿದ್ಯಾವಂತ ಹೆಣ್ಣನ್ನೂ ಹೊರಗಿರಿಸಿತು. ಒಡಂಬಡಿಕೆಯಲ್ಲಿ ಮೇಲ್ವಿಚಾರಣೆಯ ಹುದ್ದೆಯವರಿಗೂ ವ್ಯಾಸಂಗದ ಅಂಗವಾಗಿ ಇಳಿಯುವವರಿಗೂ ವಿನಾಯಿತಿ ಕೊಡಲು ಅವಕಾಶವಿತ್ತು; ಭಾರತದ ಪ್ರಕರಣದಲ್ಲಿ ಅದನ್ನು ಹೇಳಲಿಲ್ಲ. ಗಣಿಯ ವ್ಯವಸ್ಥಾಪಕರಾಗಲು ನೆಲದೊಳಗಿನ ಅನುಭವದ ಪ್ರಮಾಣಪತ್ರ ಬೇಕು. ಒಳಗೆ ಇಳಿಯಲು ನೌಕರಿಯಿಲ್ಲ. ಆದುದರಿಂದ ಗಣಿ ಇಂಜಿನಿಯರಿಂಗ್ ತರಗತಿಗೆ ಹುಡುಗಿಯರು ಸೇರಿ ಪ್ರಯೋಜನವಿಲ್ಲ. ಒಂದು ವಾಕ್ಯದ ಶಾಸನದಿಂದ ಒಂದು ಇಡೀ ವಿದ್ಯಾಶಾಖೆ ಹೆಣ್ಣಿಗೆ ಇಲ್ಲವಾದುದು ಹೀಗೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರವು ತಾಂತ್ರಿಕ, ಮೇಲ್ವಿಚಾರಣೆ ಮತ್ತು ವ್ಯವಸ್ಥಾಪನೆಯ ಕೆಲಸಗಳಿಗೆ ಹೆಂಗಸರೂ ಗಣಿಯೊಳಗೆ ಹೋಗಬಹುದೆಂದು ಅನುಮತಿಯಿತ್ತಿತು. ಕೋಲಾರದ ಗಣಿಗಳಲ್ಲಿ ವಿಜ್ಞಾನದ ಪ್ರಯೋಗಗಳು 1992ರಲ್ಲಿಯೇ ನಿಂತಿದ್ದುವು. 2001ರ ಫೆಬ್ರವರಿ 28ರಂದು ಗಣಿಗಳೂ ಮುಚ್ಚಿದುವು. ಅನುಮತಿ ಬಂದಾಗ ಆ ಶಾಫ್ಟುಗಳಲ್ಲಿ ನೀರು ತುಂಬಿತ್ತು.

ಹೆಸರಿನ ವಿಚಾರವನ್ನೂ ಇಲ್ಲಿ ಎತ್ತಬೇಕು. ಹನ್ನೆರಡನೆಯ ಶತಮಾನದ ಶರಣೆಯರು ಇಂದಿಗೂ ಉಳಿದಿರುವುದು ಅವರವರ ಅಂಕಿತಗಳಿಂದ ಎಂಬುದು ವಚನಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಅಕ್ಕಮಹಾದೇವಿಯ ಅಂಕಿತದಲ್ಲಿ ಇರುವುದು ಆಕೆಯ ದೈವವೊಂದೇ. ಮುಕ್ತಾಯಕ್ಕನ ಅಂಕಿತದಲ್ಲಿ ಅಣ್ಣ ಅಜಗಣ್ಣನಿದ್ದಾನೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಪತಿ ಮಾರಯ್ಯನ ಹೆಸರು ಕೂಡಿದೆ. ಆ ಹೆಸರುಗಳನ್ನು ಅವರು ಭಕ್ತಿಯಿಂದ, ಸ್ವೇಚ್ಛೆಯಿಂದ ಇರಿಸಿಕೊಂಡವರು. ವಚನ ಮಾತ್ರ ಅವರದೇ ಎಂಬುದರಲ್ಲಿ ಸಂದೇಹ ಬಾರದು. ಆಧುನಿಕ ವಿಜ್ಞಾನದಲ್ಲಿ ಲೇಖನದ ತಲೆಯ ಮೇಲಿನ ಹೆಸರೇ ಅಂಕಿತ. ಬಿಭಾ ಅವರು ಬೋಸರೊಡನೆ ತಮ್ಮ ಹೆಸರನ್ನೂ ಬರೆದುದರಿಂದಲೇ ಎಪ್ಪತ್ತು ವರ್ಷಗಳ ತರುವಾಯ ಚರಿತ್ರಕಾರರಿಗೆ ಅವರು ಸಿಕ್ಕಿದರು. 2018ರಲ್ಲಿ ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ ಅವರು ಬಿಭಾ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಮರುವರ್ಷ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಭಾರತಕ್ಕೆ ಹೆಸರಿಡಲು ಕೊಟ್ಟ ನಕ್ಷತ್ರವೊಂದಕ್ಕೆ 'ಬಿಭಾ' ಎಂದು ನಾಮಕರಣವಾಯಿತು. ಬದುಕಿರುವಾಗ ಒಂದು ಅಕಾಡೆಮಿಯ ಸದಸ್ಯತ್ವವೂ ಸಿಗದವರಿಗೆ ಸತ್ತ ಮೇಲೆ ಆಕಾಶದಲ್ಲಿ ಸ್ಥಾನ ಸಿಕ್ಕಿತು. ಇಂತಹ ಪ್ರಾಯಶ್ಚಿತ್ತ ಸುಲಭ; ಅದಕ್ಕೆ ಯಾರೂ ಹುದ್ದೆಯನ್ನು ಬಿಟ್ಟುಕೊಡಬೇಕಾಗಿಲ್ಲ.

ಅಷ್ಟು ಹಳೆಯ ಕಥೆ ಈಗೇಕೆ ಎಂಬ ಪ್ರಶ್ನೆ ಬರಬಹುದು. ಈಗಿನ ಸ್ಥ್ಲೂಲ ಚಿತ್ರ ಹೀಗಿದೆ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದ 57 ಲಕ್ಷ ಚಿಲ್ಲರೆ ವಿದ್ಯಾರ್ಥಿಗಳಲ್ಲಿ ಹುಡುಗಿಯರೇ ಹೆಚ್ಚು, ಸುಮಾರು 29.5 ಲಕ್ಷ. ಸಂಶೋಧಕರ ಲೆಕ್ಕಕ್ಕೆ ಬಂದರೆ, 2018ರ ಸರ್ಕಾರಿ ಅಂಕಿಗಳಂತೆ ಭಾರತದಲ್ಲಿ ಮಹಿಳೆಯರ ಪಾಲು ನೂರಕ್ಕೆ 16.6 ಮಾತ್ರ, ಲೋಕದ ಸರಾಸರಿ ಅದರ ಇಮ್ಮಡಿ, ಅಂದರೆ ಮೂರನೆಯ ಒಂದು ಪಾಲಿನಷ್ಟು. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿದ್ದವರು ಪ್ರಯೋಗಶಾಲೆಯ ಹೊತ್ತಿಗೆ ಆರರಲ್ಲೊಂದು ಪಾಲಾಗುತ್ತಾರೆ. ಇದಕ್ಕೆ ಬುದ್ಧಿಯ ಕೊರತೆ ಕಾರಣವೆಂದು ಹೇಳುವ ಧೈರ್ಯ ಈಗ ಯಾರಿಗೂ ಇಲ್ಲ. ಎಂ.ಎಸ್ಸಿ. ಮುಗಿದ ಮೇಲಿನ ಎಂಟು ಹತ್ತು ವರ್ಷಗಳಲ್ಲಿ ಈ ಸೋರಿಕೆ ನಡೆಯುತ್ತದೆ. ಸಂಶೋಧನೆಗೂ ಮದುವೆಗೂ ಮಗುವಿಗೂ ಲೋಕವು ಗೊತ್ತುಮಾಡಿರುವ ವಯಸ್ಸು ಒಂದೇ.

ಅನುಗ್ರಹದ ಸ್ಥಾನದಲ್ಲಿ ನಿಯಮವು ಬಂದ ಉದಾಹರಣೆಗಳೂ ಇಲ್ಲದಿಲ್ಲ. 2016ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳು ಪಿಎಚ್.ಡಿ. ವಿದ್ಯಾರ್ಥಿನಿಯರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯನ್ನೂ ಪ್ರಬಂಧ ಮುಗಿಸಲು ಎರಡು ವರ್ಷಗಳ ಹೆಚ್ಚಿನ ಕಾಲಾವಕಾಶವನ್ನೂ ಒದಗಿಸಿದುವು. ಮಾರ್ಗದರ್ಶಕರ ಮರ್ಜಿಯನ್ನು ಕಾಯದೆ, ನಿಯಮವನ್ನು ತೋರಿಸಿ ಕೇಳಬಹುದಾದ ಸೌಲಭ್ಯ ಇದು. ಬಿಭಾ ಅವರ ಕಾಲದಲ್ಲಿ ಇಂತಹದೊಂದು ಕಲ್ಪನೆಗೂ ಬಂದಿರಲಿಲ್ಲ.

ಕೋಲಾರದಲ್ಲಿ ಈಗ ಸರ್ಕಾರಿ ಮಹಿಳಾ ಕಾಲೇಜು ಇದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿದಾಗ ಹೊಸ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಕೋಲಾರದ ಟಮಕವೇ ಕೇಂದ್ರವಾಯಿತು. ಮಾಸ್ತಿಯವರು ಎಂ.ಎ. ಪದವಿಗಾಗಿ ಮದರಾಸಿನವರೆಗೆ ಹೋಗಬೇಕಾಗಿದ್ದ ಸೀಮೆಯಲ್ಲಿ, ಹೆಣ್ಣುಮಗಳೊಬ್ಬಳು ಸಂಜೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ ಓದಿಕೊಂಡು ಸ್ನಾತಕೋತ್ತರ ಪದವೀಧರೆಯಾಗಬಹುದು. ಇದು ಸಣ್ಣ ಸಾಧನೆಯಲ್ಲ. ಆ ಪದವಿಯನ್ನು ಹಿಡಿದು ಊರಿನ ಕಾಲೇಜಿನಲ್ಲಿಯೇ ಪಾಠ ಹೇಳಬಯಸಿದರೆ, ಖಾಯಂ ಹುದ್ದೆಗಳು ಅಪರೂಪವಾದುದರಿಂದ, ಆಕೆಗೆ ಸಾಮಾನ್ಯವಾಗಿ ಮೊದಲು ಸಿಗುವುದು ಅತಿಥಿ ಉಪನ್ಯಾಸಕಿಯ ಸ್ಥಾನ. ಅದನ್ನು ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ ಪಡೆಯಬೇಕು.